ತಂಗಿ ನೋಡಬಾರದ ಕಣ್ಣು

ಊರೆಲ್ಲ ಬೆಳಕಿಗೆ ಕಾಯುತ್ತಿರುವ ಹೊತ್ತಿನಲ್ಲಿ ಕೆಲೆರಾ ಕತ್ತಲು ಮಾಡುವ ಕೆಲಸದಲ್ಲಿದ್ದಾರೆ. ಫಿಜಿಯ ಕಂದಾವು ದ್ವೀಪದ ಈ ಊರಿನ ಸಭಾಮನೆಯಲ್ಲಿ ಸ್ಟೂಲಿನ ಮೇಲೆ ನಿಂತು, ಕಂಬಳಿಯ ಒಂದು ತುದಿಯನ್ನು ಹಲ್ಲಲ್ಲಿ ಕಚ್ಚಿಕೊಂಡು, ಇನ್ನೊಂದು ತುದಿಯನ್ನು ಕಿಟಕಿಯ ಮೊಳೆಗೆ ಸಿಕ್ಕಿಸುತ್ತಿದ್ದಾರೆ. ಬಾಗಿಲ ಸಂದಿಗೆ ಹಳೆಯ ಚಾಪೆ ತುರುಕಿಯಾಗಿದೆ. ಮಾಡಿನ ತಗಡಿನಲ್ಲಿ ಒಂದು ತೂತು ಉಳಿದಿದೆ, ಅದಕ್ಕೊಂದು ಬಟ್ಟೆಯ ಉಂಡೆ ಬೇಕು. ಹಿತ್ತಲಿನ ಒಲೆಯ ಕೆಂಡದ ಮೇಲೆ ಬೆಳಗಿನ ತಿಂಡಿಗೆಂದು ಒಂದು ದೀವಿಹಲಸು ಇಟ್ಟು ಬಂದಿದ್ದಾರೆ.

"ಸೂರ್ಯ ಒಂಚೂರು ಇಣುಕಿದ್ರೂ ನನ್ನ ಪೆಟ್ಟಿಗೆ ಮುನಿಸಿಕೊಳ್ಳುತ್ತೆ" ಎನ್ನುತ್ತಾರೆ, ಕಂಬಳಿ ಬಾಯಲ್ಲಿರುವಾಗಲೇ. "ನನ್ನ ಗಂಡ ಹೇಳ್ತಾನೆ, ಇದಕ್ಕೆ ಮಾಡೋ ಉಪಚಾರದಲ್ಲಿ ಕಾಲು ಭಾಗ ನಂಗೆ ಮಾಡಿದ್ರೂ ನಾನು ರಾಜನ ಹಾಗೆ ಇರ್ತಿದ್ದೆ ಅಂತ."

ಪೆಟ್ಟಿಗೆ ಎಂದರೆ ಕಣ್ಣಿನ ಹಿಂಭಾಗದ ಪರದೆಯ, ಅಂದರೆ ರೆಟಿನಾದ, ಚಿತ್ರ ತೆಗೆಯುವ ಕ್ಯಾಮೆರಾ. ಅದು ದೋಣಿಯಲ್ಲಿ ಕೆಲೆರಾ ಅವರ ಮೊಮ್ಮಗುವಿನ ಕೌದಿ ಹೊದ್ದುಕೊಂಡು ಬರುತ್ತದೆ. ಚಿತ್ರ ತೆಗೆದರಷ್ಟೇ ಸಾಲದು, ಅದನ್ನು ಓದಲು ಕಣ್ಣಿನ ಡಾಕ್ಟರು ಬೇಕಲ್ಲ? ಕಂದಾವಿನಲ್ಲಿ ಅಂಥವರು ಯಾರೂ ಇಲ್ಲ. ಆದ್ದರಿಂದ ಕ್ಯಾಮೆರಾದ ಜೊತೆಗಿರುವ ಕಂಪ್ಯೂಟರೇ ಓದುತ್ತದೆ. ಡೀಪ್ ಲರ್ನಿಂಗ್ ಎನ್ನುತ್ತಾರೆ ಅದಕ್ಕೆ. ರೋಗ ಹೀಗಿರುತ್ತದೆ, ಹಾಗಿರುತ್ತದೆ ಎಂದು ಅದಕ್ಕೆ ಯಾರೂ ಪಾಠ ಹೇಳಿಲ್ಲ. ಲಕ್ಷಗಟ್ಟಲೆ ಕಣ್ಣುಗಳ ಚಿತ್ರ ತೋರಿಸಿ, ಇದಕ್ಕೆ ರೋಗ ಇದೆ, ಇದಕ್ಕೆ ಇಲ್ಲ ಎಂದಷ್ಟೇ ಹೇಳಿದ್ದಾರೆ. ಉಳಿದದ್ದನ್ನು ಅದು ನೋಡಿ ನೋಡಿ ತಾನೇ ಕಲಿತಿದೆ. ಈಗ ಒಂದು ನಿಮಿಷದೊಳಗೆ ಮೂರರಲ್ಲಿ ಒಂದು ಮಾತು ಹೇಳುತ್ತದೆ: ಚೆನ್ನಾಗಿದೆ, ಡಾಕ್ಟರ ಹತ್ತಿರ ಕಳಿಸಿ, ಅಥವಾ ಚಿತ್ರ ಸ್ಪಷ್ಟವಿಲ್ಲ. ಫಿಜಿಯಲ್ಲಿ ಸಕ್ಕರೆ ಕಾಯಿಲೆ ಇಲ್ಲದ ಮನೆ ಹುಡುಕುವುದು ಕಷ್ಟ. ಸಕ್ಕರೆ ಕಣ್ಣಿಗೆ ಇಳಿದದ್ದು ಕಣ್ಣಿಗೇ ಗೊತ್ತಾಗುವುದಿಲ್ಲ. ಗೊತ್ತಾಗುವ ಹೊತ್ತಿಗೆ ಅರ್ಧ ಹೋಗಿರುತ್ತದೆ. ಕೆಲೆರಾ ಅವರ ತಾಯಿಗೆ ಹಾಗೇ ಆಯಿತು. ಕೊನೆಯ ವರ್ಷಗಳಲ್ಲಿ ಆಕೆ ಮೊಮ್ಮಕ್ಕಳನ್ನು ತಲೆ ಸವರಿ ಗುರುತು ಹಿಡಿಯುತ್ತಿದ್ದರು.

ಹೊರಗೆ ಚಾಪೆಯ ಮೇಲೆ ಜನ ಕೂರುತ್ತಿದ್ದಾರೆ. ಕತ್ತಲಲ್ಲಿ ಸ್ವಲ್ಪ ಹೊತ್ತು ಕೂತರೆ ಕಣ್ಣಿನ ಪಾಪೆ ತಾನಾಗಿ ಅಗಲವಾಗುತ್ತದೆ, ಔಷಧ ಬೇಕಾಗುವುದಿಲ್ಲ. ಮೊದಲು ಒಳಬಂದ ಮುದುಕಿಯ ಗಲ್ಲವನ್ನು ಕ್ಯಾಮೆರಾದ ಪಟ್ಟಿಯ ಮೇಲೆ ಇಡಿಸಿ, ಕೆಲೆರಾ ಮೆಲ್ಲಗೆ "ತುಲೋ, ತುಲೋ" ಎನ್ನುತ್ತಾರೆ. ಇನ್ನೊಬ್ಬರ ತಲೆ ಮುಟ್ಟುವಾಗ ಕ್ಷಮೆ ಕೇಳದೆ ಮುಟ್ಟುವ ಹಾಗಿಲ್ಲ. ಆಮೇಲೆ ಅವರು ಒಂದು ವಿಚಿತ್ರ ಪ್ರಶ್ನೆ ಕೇಳುತ್ತಾರೆ.

"ಅಜ್ಜಿ, ನೀನು ನೀನೇ ತಾನೇ?"

"ಇನ್ಯಾರೇ? ನನ್ನ ದೆವ್ವವೇನೇ?"

"ನಿನ್ನ ಹೆಸರಿನವಳು ಅಲ್ಲ ತಾನೇ?"

"ಅವಳಾಗಿದ್ರೆ ಮೂವತ್ತು ವರ್ಷ ಚಿಕ್ಕವಳಾಗಿರ್ತಿದ್ದೆ. ಹೊಡಿ ನಿನ್ನ ಬೆಳಕು!"

ಹೊರಗೆ ಕೂತವರೆಲ್ಲ ಗೊಳ್ಳೆಂದು ನಗುತ್ತಾರೆ. ಇಡೀ ಊರಿಗೆ ಗೊತ್ತಿದೆ ಈ ಪ್ರಶ್ನೆ ಎಲ್ಲಿಂದ ಬಂತೆಂದು. ಸಭಾಮನೆಯ ನಡುವೆ, ಕಿಟಕಿಯೂ ಇಲ್ಲದ ಕಡೆ, ಹಗ್ಗಕ್ಕೆ ಇನ್ನೊಂದು ಕಂಬಳಿ ತೂಗುಹಾಕಿದೆಯಲ್ಲ, ಅದೂ ಅಲ್ಲಿಂದಲೇ ಬಂದದ್ದು.

ಕೆಲೆರಾ ಮೊದಲು ಶಾಲೆಯ ಅಡುಗೆಯವರು. ಆರೋಗ್ಯ ಇಲಾಖೆಯವರು ಊರಿನಿಂದ ಒಬ್ಬರನ್ನು ರಾಜಧಾನಿ ಸುವಾಕ್ಕೆ ಕಳಿಸಿ ಎಂದಾಗ, ಓದಿದವರು ಯಾರೂ ಹೊರಡಲಿಲ್ಲ, ಇವರನ್ನು ಹೊರಡಿಸಿದರು. ಎರಡು ವಾರದ ತರಬೇತಿ. ಇವರ ದೊಡ್ಡ ತೊಂದರೆ ಸಮುದ್ರ. ದ್ವೀಪದಲ್ಲಿ ಹುಟ್ಟಿದವರಾದರೂ ದೋಣಿ ಹತ್ತಿದರೆ ವಾಂತಿ ಶುರು. ಊರಿಂದೂರಿಗೆ ಹೋಗಲು ದೋಣಿ ಬಿಟ್ಟರೆ ದಾರಿಯಿಲ್ಲ. ಒಂದು ಕೈಯಲ್ಲಿ ಕ್ಯಾಮೆರಾ ತಬ್ಬಿಕೊಂಡು, ಇನ್ನೊಂದು ಕೈಯಲ್ಲಿ ಬಕೆಟ್ ಹಿಡಿದು ಬರುವ ಇವರನ್ನು ದಡದಲ್ಲಿ ನಿಂತವರು ಕಾಯುತ್ತಾ ಇರುತ್ತಾರೆ, ನಗಲಿಕ್ಕೆ. ದಿನಕ್ಕೆ ಮೂವತ್ತು ಜನರ ಕಣ್ಣು ನೋಡಿದರೆ ಅದು ಒಳ್ಳೆಯ ದಿನ. ಮೀನು ಹೇರಳವಾಗಿ ಸಿಗುತ್ತಿದ್ದರೆ ಹತ್ತು ಜನವೂ ಬರುವುದಿಲ್ಲ.

ಕಳೆದ ವರ್ಷ ಕ್ಯಾಮೆರಾ ಇದೇ ಸಭಾಮನೆಗೆ ಬಂದಾಗ ಅವರಿಗೆ ಒಂದೇ ಚಿಂತೆ ಇತ್ತು, ಅವರ ದೊಡ್ಡಪ್ಪನ ಮಗ. ನಾವು ನಡೆಸಿದ ಇಡೀ ಸಂದರ್ಶನದಲ್ಲಿ ಕೆಲೆರಾ ಆ ಅಣ್ಣನ ಹೆಸರು ಹೇಳಲಿಲ್ಲ, ಹೇಳುವಂತೆಯೂ ಇಲ್ಲ. ಹೆಸರು ಇನೋಕೆ ಎಂದು ನಾವು ಬೇರೆಯವರಿಂದ ಕೇಳಿ ತಿಳಿಯಬೇಕಾಯಿತು. ಇಲ್ಲಿ ಅಣ್ಣ ತಂಗಿಯ ನಡುವೆ ತಂಬು, ಅಂದರೆ ಮೀರಬಾರದ ಕಟ್ಟುಪಾಡು, ಇದೆ. ಬೆಳೆದ ಮೇಲೆ ಒಬ್ಬರೊಡನೊಬ್ಬರು ಮಾತಾಡುವುದಿಲ್ಲ, ಮುಖಕ್ಕೆ ಮುಖ ಕೊಟ್ಟು ನೋಡುವುದಿಲ್ಲ, ಒಂದೇ ಚಾಪೆಯ ಮೇಲೆ ಕೂರುವುದಿಲ್ಲ. ತಂಗಿಯ ಮನೆಯ ಮುಂದೆ ಹಾಯುವಾಗ ಅಣ್ಣ ದೂರದಿಂದಲೇ ಕೆಮ್ಮುತ್ತಾನೆ, ಆಕೆ ಒಳಗೆ ಸರಿಯಲಿ ಎಂದು. ಇದು ಜಗಳವಲ್ಲ, ಗೌರವ. ಪ್ರೀತಿ ಎಂದರೂ ನಡೆಯುತ್ತದೆ. ಅಂಥ ಅಣ್ಣನ ಗಲ್ಲ ಹಿಡಿದು, ರೆಪ್ಪೆ ಎತ್ತಿ, ಕಣ್ಣಿನೊಳಗೆ ಇಣುಕುವುದುಂಟೇ?

ಅದಕ್ಕೆ ಕೆಲೆರಾ ಒಂದು ಉಪಾಯ ಮಾಡಿದ್ದರು. ಕ್ಯಾಮೆರಾ ಪರೀಕ್ಷಿಸಲು ಸುವಾದಿಂದ ಪ್ರಷೀಲಾ ಎಂಬ ತಂತ್ರಜ್ಞೆ ಬಂದಿದ್ದರು. ಆ ಸೋಮವಾರ ಅಣ್ಣನ ಸರದಿ ಬಂದಾಗ ಪ್ರಷೀಲಾ ಚಿತ್ರ ತೆಗೆಯಲಿ, ತಾನು ಹಿತ್ತಲಿಗೆ ಹೋಗಿ ಗೋಡೆಗೆ ಮುಖ ಮಾಡಿ ನಿಂತರಾಯಿತು. ಹಾಗೇ ಆಯಿತು. ಊರ ಮುಖಂಡ 'ಇನೋಕೆ' ಎಂದು ಹೆಸರು ಕೂಗಿದ. ಕೆಲೆರಾ ಹಿತ್ತಲಿಗೆ ನಡೆದರು. ಸ್ವಲ್ಪ ಹೊತ್ತಿಗೆ ಪ್ರಷೀಲಾ ಖುಷಿಯಿಂದ ಹೊರಬಂದರು.

"ಅಕ್ಕಾ, ನಿಮ್ಮ ಅಣ್ಣನ ಕಣ್ಣು ಸೂಪರ್! ಎರಡೂ ಚೆನ್ನಾಗಿದೆ ಅಂತ ಬಂತು. ಮುಂದಿನ ವರ್ಷ ನೋಡಿದ್ರೆ ಸಾಕು."

ಕೆಲೆರಾಗೆ ಎದೆಯ ಮೇಲಿನ ಕಲ್ಲು ಇಳಿದ ಹಾಗಾಯಿತು. ಮಾರನೇ ದಿನ ಪ್ರಷೀಲಾ ಹಡಗು ಹತ್ತಿ ಸುವಾಕ್ಕೆ ಮರಳಿದರು. ಅಂದು ಸಂಜೆಯೇ ಕಲ್ಲು ಮತ್ತೆ ಏರಿತು. ಚಿಕ್ಕಪ್ಪನ ಮನೆಯಲ್ಲಿ ಯಂಗೋನಾ, ಅಂದರೆ ಸಂಜೆ ಗಂಡಸರು ಕೂಡಿ ಕುಡಿಯುವ ಬೇರಿನ ಪಾನೀಯ, ಕಲಸಿ ಬಡಿಸುವವರು ಇನೋಕೆ. ವರ್ಷಗಳಿಂದ ಅದು ಅವರದೇ ಕೈ, ಒಂದು ಹನಿ ಹೊರಗೆ ಬಿದ್ದದ್ದಿಲ್ಲ. ಆ ಸಂಜೆ ಅಡುಗೆಮನೆಯ ಸಂದಿಯಿಂದ ಕೆಲೆರಾ ನೋಡುತ್ತಾರೆ, ಅಣ್ಣ ಕರಟದ ಬಟ್ಟಲಿನ ಪಕ್ಕದಲ್ಲಿ, ಬರೀ ಚಾಪೆಯ ಮೇಲೆ, ಗಂಭೀರವಾಗಿ ಯಂಗೋನಾ ಸುರಿಯುತ್ತಿದ್ದಾರೆ. ಸುತ್ತ ಕೂತ ಗಂಡಸರು ಕಾಣದವರ ಹಾಗೆ ಬೇರೆ ಕಡೆ ನೋಡುತ್ತಿದ್ದಾರೆ.

"ನನ್ನ ತಲೆ ಕೆಟ್ಟುಹೋಯ್ತು" ಎನ್ನುತ್ತಾರೆ ಕೆಲೆರಾ. "ಪೆಟ್ಟಿಗೆ ಚೆನ್ನಾಗಿದೆ ಅನ್ನುತ್ತೆ. ಚಾಪೆ ಒದ್ದೆಯಾಗಿದೆ. ಯಾವುದನ್ನ ನಂಬ್ಲಿ? ಪೆಟ್ಟಿಗೇಲಿ ತಪ್ಪಿದ್ರೆ ಇಷ್ಟು ದಿನ ನಾನು ಮನೆಗೆ ಕಳಿಸಿದವರ ಕಣ್ಣೆಲ್ಲ ಏನಾಗಿದೆಯೋ! ಪೆಟ್ಟಿಗೆ ಸರಿ ಇದ್ರೆ ನನ್ನ ಕಣ್ಣಲ್ಲೇ ದೋಷ ಇರ್ಬೇಕು. ಆ ರಾತ್ರಿ ನನ್ನ ಕಣ್ಣನ್ನೇ ನಾನು ತಿಕ್ಕಿ ತಿಕ್ಕಿ ನೋಡ್ಕೊಂಡೆ."

ಕಾಯುವಷ್ಟು ಸಮಯವೂ ಇರಲಿಲ್ಲ. ಲೇಸರ್ ಚಿಕಿತ್ಸೆಯ ಡಾಕ್ಟರು ದ್ವೀಪದ ಆಸ್ಪತ್ರೆಗೆ ಆ ಶುಕ್ರವಾರ ಮಾತ್ರ ಬರುವವರಿದ್ದರು. ಮತ್ತೆ ಬರುವುದು ಮುಂದಿನ ವರ್ಷ. ಯಂತ್ರ 'ಕಳಿಸಿ' ಎಂದವರನ್ನು ಹೊತ್ತು ಅಂದು ಬೆಳಿಗ್ಗೆ ಇಲ್ಲಿಂದ ದೋಣಿ ಹೊರಡಬೇಕು. ಅದರಲ್ಲಿ ಅಣ್ಣ ಇರದಿದ್ದರೆ, ಒಂದು ವರ್ಷದಲ್ಲಿ ಅವರಿಗೆ ಉಳಿದ ದೃಷ್ಟಿಯೂ ಕೆಲೆರಾ ತಾಯಿಯ ಕಣ್ಣಿನ ದಾರಿ ಹಿಡಿಯುತ್ತದೆ. ಅಣ್ಣನನ್ನೇ ಕೇಳೋಣವೆಂದರೆ ಬಾಯಿ ತೆರೆಯುವಂತಿಲ್ಲ. ಬುಧವಾರ ಸಂಜೆ ಅವರು ಅತ್ತಿಗೆ ಉನಾಯಿಸಿಯ ಬಳಿ ಹೋದರು. ಅಣ್ಣನ ಹೆಂಡತಿಯ ಜೊತೆ ಎಷ್ಟು ಬೇಕಾದರೂ ಮಾತಾಡಬಹುದು. ಮಾತೇನು, ಹೀಯಾಳಿಸುವುದೇ ಅವರಿಬ್ಬರ ಹಕ್ಕು.

ಕೆಲೆರಾ ಹೊರಗೆ ಮೆಟ್ಟಿಲ ಮೇಲೆ ಮನೆಗೆ ಬೆನ್ನು ಹಾಕಿ ಕೂತರು. ಉನಾಯಿಸಿ ಬಾಗಿಲಲ್ಲಿ. ಇನೋಕೆ ಒಳಗೆ ಪರದೆಯ ಹಿಂದೆ. ಮೂವರಿಗೂ ಮೂವರ ಮಾತು ಚೆನ್ನಾಗಿ ಕೇಳಿಸುತ್ತಿತ್ತು, ಆದರೂ ಪ್ರತಿ ಮಾತೂ ಬಾಗಿಲು ದಾಟುವಾಗ ಉನಾಯಿಸಿಯ ಬಾಯಿಂದಲೇ ದಾಟಬೇಕು.

"ಅತ್ತಿಗೆ, ಒಳಗಿರೋರಿಗೆ ಹೇಳು, ಶುಕ್ರವಾರ ದೋಣೀಲಿ ಬರಬೇಕು ಅಂತ."

"ಕೇಳಿಸ್ತಾ? ದೋಣೀಲಿ ಬರಬೇಕಂತೆ."

"ಅವಳ ಪೆಟ್ಟಿಗೇನೇ ಚೆನ್ನಾಗಿದೆ ಅಂದಮೇಲೆ ನಾನ್ಯಾಕೆ ಹೋಗ್ಲಿ ಅಂತ ಕೇಳು."

"ಕೇಳಿಸ್ಕೊಂಡ್ಯಲ್ಲೇ ನಾದಿನಿ? ನಿನ್ನ ಪೆಟ್ಟಿಗೆ ಸುಳ್ಳು ಬೊಗಳುತ್ತೆ ಕಣೇ. ಚೆನ್ನಾಗಿರೋ ಕಣ್ಣಂತೆ! ನಿನ್ನೆ ಕೋಳಿ ಅಂತ ನನ್ನ ಬುಟ್ಟಿಗೆ ಕಲ್ಲೆಸೆದ್ರು."

"ಹಾಗಾದ್ರೆ ಕೇಳು, ಮೊನ್ನೆ ಕುರ್ಚೀಲಿ ಕೂತಾಗ ಬೆಳಕು ಹೊಡೀತಲ್ಲ, ಆಮೇಲೆ ಕಣ್ಣ ಮುಂದೆ ಯಾವ ಬಣ್ಣ ತೇಲಾಡ್ತು? ಬೆಳಕು ಸರಿಯಾಗಿ ಬಿದ್ದಿದ್ರೆ ಎಲ್ಲರಿಗೂ ಒಂದು ಬಣ್ಣ ತೇಲುತ್ತೆ."

ಉನಾಯಿಸಿ ಕೇಳಿದರು. ಒಳಗಿನಿಂದ ಬರೀ ಕೆಮ್ಮು ಬಂತು.

"ಕಿವಿಯೂ ಹೋಯ್ತೇನ್ರೀ? ಯಾವ ಬಣ್ಣ?"

"ಯಾದಾನ್ನ ಕೇಳ್ಬೇಕು ಅಂತ ಹೇಳು."

"ಯಾದಾನ್ನ ಯಾಕೆ ಕೇಳ್ಬೇಕು? ಕೂತಿದ್ದು ನೀವು ತಾನೇ?"

"ಕೂತಿದ್ದು ಯಾದಾ."

ಒಂದೇ ಹೆಸರಿನವರು ಇಲ್ಲಿ ಒಬ್ಬರನ್ನೊಬ್ಬರು ಯಾದಾ ಎಂದು ಕರೆಯುತ್ತಾರೆ. ಹಿರಿಯನ ಹೆಸರನ್ನು ಕಿರಿಯನಿಗೆ ಇಟ್ಟರೆ ಅವರಿಬ್ಬರೂ ಒಬ್ಬರೇ ಎಂಬ ಲೆಕ್ಕ. ಒಬ್ಬನಿಗೆ ಕಳಿಸಿದ ಮೀನನ್ನು ಇನ್ನೊಬ್ಬ ಉಂಡರೂ ಮುಟ್ಟಿದ ಹಾಗೆಯೇ. ಒಬ್ಬ ಸಾವಿನ ಮನೆಗೆ ಹೋಗಿ ಬಂದರೆ ಇನ್ನೊಬ್ಬನನ್ನು ಯಾಕೆ ಬರಲಿಲ್ಲ ಎಂದು ಯಾರೂ ಕೇಳುವುದಿಲ್ಲ. ಇನೋಕೆಯ ಹೆಸರು ಹೊತ್ತವನು ಇದೇ ಊರಿನ ನಲವತ್ತರ ಆಸುಪಾಸಿನ ಮೀನುಗಾರ, ಚಿಕ್ಕ ಇನೋಕೆ. ಚಿತ್ರ ತೆಗೆಯುವವಳು ತಂಗಿ ಎಂದು ಇನೋಕೆ ಸಂಕಟಪಡುತ್ತಿದ್ದುದನ್ನು ಅವನು ನೋಡಿದ್ದ. ಅವಳು ಹೊರಗೆ ಹೋಗಿ ನಿಲ್ಲುತ್ತಾಳೆಂಬುದು ಅವರಿಬ್ಬರಿಗೂ ತಿಳಿದಿರಲಿಲ್ಲ. ಹೆಸರು ಕೂಗಿದಾಗ ಚಿಕ್ಕ ಇನೋಕೆ ಎದ್ದು ಹೋಗಿ ಕೂತ. ಆ ಹೆಸರು ಅವನದೂ ಹೌದಲ್ಲ. ಪ್ರಷೀಲಾಗೆ ಮುಖ ಗೊತ್ತಿರಲಿಲ್ಲ, ಯಂತ್ರ ಮುಖ ನೋಡುವುದಿಲ್ಲ, ಮುಖ ಗೊತ್ತಿದ್ದ ತಂಗಿ ಹಿತ್ತಲಿನಲ್ಲಿ ಗೋಡೆ ನೋಡುತ್ತಿದ್ದರು.

"ಅಯ್ಯೋ ದೇವರೇ!" ಎಂದರು ಉನಾಯಿಸಿ. "ಅವನ ಕಣ್ಣು ಚೆನ್ನಾಗಿದ್ರೆ ನಿಮ್ಮದು ಹೇಗ್ರೀ ಚೆನ್ನಾಗಿರುತ್ತೆ?"

"ಅದೇ ನಂಗೂ ಅರ್ಥ ಆಗ್ತಿಲ್ಲ" ಎಂದರು ಇನೋಕೆ, ನಿಜವಾಗಿಯೂ ಕಂಗೆಟ್ಟ ದನಿಯಲ್ಲಿ. "ಚೆನ್ನಾಗಿದೆ ಅಂತ ಬಂದಮೇಲೆ ಎರಡು ದಿನ ಚೆನ್ನಾಗೇ ಕಂಡ ಹಾಗಿತ್ತು."

ಕೆಲೆರಾ ಮೆಟ್ಟಿಲ ಮೇಲೆ ಕೂತು ನಗಬೇಕೋ ಅಳಬೇಕೋ ತಿಳಿಯದೆ ಎರಡನ್ನೂ ಮಾಡಿದರಂತೆ.

ಗುರುವಾರ ಮತ್ತೆ ಕಂಬಳಿಗಳನ್ನು ಕಟ್ಟಿದರು. ಈ ಸಲ ಒಂದು ಹೆಚ್ಚು, ಸಭಾಮನೆಯ ನಡುವೆ. ಕಂಬಳಿಯ ಆಚೆ ಇನೋಕೆ, ಕ್ಯಾಮೆರಾ, ಚಿತ್ರ ತೆಗೆಯಲು ಉನಾಯಿಸಿ. ಈಚೆ ಕೆಲೆರಾ, ಬರೀ ಬಾಯಲ್ಲಿ ಹೇಳಿಕೊಡಲು.

"ಗಲ್ಲ ಪಟ್ಟಿ ಮೇಲೆ ಇಡಿಸು. ತುಲೋ ಅನ್ನು ಮೊದಲು."

"ನನ್ನ ಗಂಡನಿಗೆ ನಾನು ತುಲೋ ಅನ್ನಲ್ಲ ಕಣೇ, ಬೆಳಿಗ್ಗೆ ತಾನೇ ಬೈದಿದ್ದೀನಿ."

"ಅನ್ನು ಅತ್ತಿಗೆ! ಹಸಿರು ಚುಕ್ಕಿ ನೋಡೋಕೆ ಹೇಳು. ಈಗ ಗುಂಡಿ ಒತ್ತು."

ಬೆಳಕು ಹೊಡೆಯಿತು. 'ಚಿತ್ರ ಸ್ಪಷ್ಟವಿಲ್ಲ.' ಬೆಳಕು ಬಿದ್ದ ಪಾಪೆ ಕಿರಿದಾಗುತ್ತದೆ, ಮತ್ತೆ ಅಗಲವಾಗಲು ಕತ್ತಲಲ್ಲಿ ಕಾಯಬೇಕು. ಕಾದರು. ಮತ್ತೆ ಒತ್ತಿದರು. ಮತ್ತೆ ಸ್ಪಷ್ಟವಿಲ್ಲ. ಉನಾಯಿಸಿ ಗುಂಡಿ ಒತ್ತಿದಾಗಲೆಲ್ಲ ಕ್ಯಾಮೆರಾವೇ ಅಲುಗುತ್ತಿತ್ತು. ಸ್ಪಷ್ಟವಿಲ್ಲದಿದ್ದರೂ ದೋಣಿಗೆ ಹತ್ತಿಸಬಹುದು, ನಿಯಮ ಹಾಗೇ ಇದೆ. ಆದರೆ ಇನೋಕೆ ಒಪ್ಪಬೇಕಲ್ಲ? ಒಂದು ಸಲ ಚೆನ್ನಾಗಿದೆ, ಎರಡು ಸಲ ಗೊತ್ತಿಲ್ಲ ಎನ್ನುವ ಪೆಟ್ಟಿಗೆಯ ಮಾತಿಗೆ ಕಣ್ಣಿಗೆ ಲೇಸರ್ ಬಿಡಿಸಿಕೊಳ್ಳಲು ನಾನೇನು ಹುಚ್ಚನೇ ಎಂದು ಅವರಾಗಲೇ ಗೊಣಗುತ್ತಿದ್ದರು.

"ನನ್ನ ಕೈಲಾಗಲ್ಲ ಕಣೇ" ಎಂದು ಉನಾಯಿಸಿ ಅತ್ತೇಬಿಟ್ಟರು. "ಇದು ಮರಗೆಣಸು ಸುಲಿದ ಹಾಗಲ್ಲ. ನೀನೇ ಬಾ."

ಕಂಬಳಿಯ ಈಚೆ ಕೆಲೆರಾ ಕಲ್ಲಿನಂತೆ ನಿಂತರು. ಹೋದರೆ ತಂಬು ಮುರಿದ ಹಾಗೆ. ಹೋಗದಿದ್ದರೆ ಕಣ್ಣು ಹೋದ ಹಾಗೆ. ಯಾವುದು ಅಣ್ಣನಿಗೆ ಮಾಡುವ ಗೌರವ ಎಂದು ಅವರಿಗೆ ಆಗ ಗೊತ್ತಾಗಲಿಲ್ಲ, ಈಗಲೂ ಪೂರ್ತಿ ಗೊತ್ತಿಲ್ಲವಂತೆ. ಅಷ್ಟರಲ್ಲಿ ಆಚೆಯಿಂದ ಮಾತು ಕೇಳಿಸಿತು. ಇನೋಕೆ ಮಾಡಿನ ಕಡೆ ಮುಖವೆತ್ತಿ, ಯಾರಿಗೂ ಹೇಳದವರ ಹಾಗೆ ಹೇಳುತ್ತಿದ್ದರು.

"ಈ ಕತ್ತಲಲ್ಲಿ ಯಾರು ಬಂದ್ರು, ಯಾರು ಹೋದ್ರು ಅಂತ ಯಾರಿಗೆ ಕಾಣುತ್ತೆ? ನಂಗಂತೂ ಕಾಣಲ್ಲ."

ಕೆಲೆರಾ ಕಂಬಳಿ ಸರಿಸಿ ಒಳಗೆ ಹೋದರು. ಬೇರೆಯವರಿಗೆ ಒಂದೆರಡು ಸಲ ಹೇಳುವ ತುಲೋವನ್ನು ಅಲ್ಲಿ ನಿಲ್ಲಿಸದೆ ಹೇಳುತ್ತಲೇ ಇದ್ದರು. ಅಣ್ಣನ ಗಲ್ಲದ ಗಡ್ಡ ಬೆಳ್ಳಗಾಗಿದ್ದುದು ಅವರ ಬೆರಳಿಗೆ ಗೊತ್ತಾಗಲಿಲ್ಲ, ಒರಟಾಗಿದೆ ಎಂದಷ್ಟೇ ಗೊತ್ತಾಯಿತು. ಚಿಕ್ಕಂದಿನಲ್ಲಿ ಇದೇ ಅಣ್ಣ ಅವರನ್ನು ಹೆಗಲ ಮೇಲೆ ಹೊತ್ತು ಹವಳದ ದಿಬ್ಬ ದಾಟಿಸುತ್ತಿದ್ದರು. ಆಮೇಲೆ ಇಷ್ಟು ಹತ್ತಿರ ಬಂದದ್ದು ಇವತ್ತೇ. ಬೆಳಕು ಹೊಡೆಯಿತು. ಪರದೆಯ ಮೇಲೆ ಚಿತ್ರ ಮೂಡಿತು.

"ಮುಖಾನೇ ಸರಿಯಾಗಿ ನೋಡದವಳು ನಾನು, ಕಣ್ಣೊಳಗನ್ನ ನೋಡಿಬಿಟ್ಟೆ" ಎನ್ನುತ್ತಾರೆ ಕೆಲೆರಾ, ಕಣ್ಣು ಒರೆಸಿಕೊಂಡು. "ಚೆನ್ನಾಗಿರೋ ಕಣ್ಣಿನ ಚಿತ್ರ ಈಗ ತಾನೇ ಹುಟ್ಟಿದ ಹುಣ್ಣಿಮೆ ಚಂದ್ರನ ಹಾಗೆ ಕೆಂಪಗೆ ನುಣ್ಣಗೆ ಇರುತ್ತೆ. ಇದ್ರಲ್ಲಿ ಎಲ್ಲಿ ನೋಡಿದ್ರೂ ರಕ್ತದ ಕಲೆ. ಯಂತ್ರ 'ಕಳಿಸಿ' ಅಂತು. ಅದಕ್ಕೆ ಒಂದು ನಿಮಿಷ ಹಿಡೀತು. ಆ ಒಂದು ನಿಮಿಷ ನಾನು ಅಣ್ಣನ ಗಲ್ಲ ಬಿಡಲೇ ಇಲ್ಲ."

ಶುಕ್ರವಾರ ಇನೋಕೆ ದೋಣಿ ಹತ್ತಿದರು. ತಂಗಿ ದೋಣಿಯ ಮೂತಿಯ ಕಡೆ ಬಕೆಟ್ ಹಿಡಿದು, ಅಣ್ಣ ಎಂಜಿನ್ ಕಡೆ, ಇಬ್ಬರ ನಡುವೆ ಉನಾಯಿಸಿ. ಬಲಗಣ್ಣಿನಲ್ಲಿ ಹೋದದ್ದು ಬರುವುದಿಲ್ಲ, ಎಡಗಣ್ಣಿನಲ್ಲಿ ಉಳಿದದ್ದನ್ನು ಉಳಿಸಲು ನೋಡುತ್ತೇನೆ ಎಂದರು ಡಾಕ್ಟರು. ಲೇಸರ್ ಆಯಿತು. ಉಳಿಯಿತೋ ಇಲ್ಲವೋ ಎಂದು ತಿಳಿಯಲು ಕಾಯಬೇಕಿತ್ತು.

ಆ ವಾರವೇ ಕೆಲೆರಾ ಒಂದು ಕಟ್ಟು ಯಂಗೋನಾ ಬೇರು ಹೊತ್ತು ಅಣ್ಣನ ಮನೆಯ ಮುಂದೆ ಕೂತು ತಪ್ಪೊಪ್ಪಿಕೊಂಡರು, ತಲೆ ಮುಟ್ಟಿದ್ದಕ್ಕೆ. ಇನೋಕೆ ಒಳಗಿನಿಂದ, ಇಲ್ಲಿನ ರೂಢಿಯಂತೆ, ಚಪ್ಪಾಳೆ ತಟ್ಟಿ ಸ್ವೀಕರಿಸಿದರು. ಚಿಕ್ಕ ಇನೋಕೆಗೆ ಮಾತ್ರ ಸಮಾಧಾನವಿರಲಿಲ್ಲ. ಅವನು ಇವತ್ತಿಗೂ ಕೇಳುತ್ತಾನೆ, "ನನ್ನ ಚೆನ್ನಾಗಿರೋ ಕಣ್ಣು ಯಾದಾನಿಗೆ ಯಾಕೆ ನಡೆಯಲಿಲ್ಲ? ಉಳಿದಿದ್ದೆಲ್ಲ ನಡೆಯುತ್ತಲ್ಲ?" ದಿನಾ ಸಂಜೆ ಬಂದು ಹಿರಿಯನ ಕೈ ಹಿಡಿದು ಸಮುದ್ರದವರೆಗೆ ಕರೆದೊಯ್ಯುವವನು ಅವನೇ. ಅದಕ್ಕೆ ಕೆಲೆರಾ ತನ್ನದೂ ಒಂದು ಪ್ರಶ್ನೆ ಸೇರಿಸುತ್ತಾರೆ.

"ಯೋಚನೆ ಮಾಡಿದ್ರೆ ತಲೆ ತಿರುಗುತ್ತೆ. ಪೆಟ್ಟಿಗೆ ತಪ್ಪು ಹೇಳಲಿಲ್ಲ, ಅದಕ್ಕೆ ತೋರಿಸಿದ್ದನ್ನ ಹೇಳ್ತು. ಪ್ರಷೀಲಾ ತಪ್ಪು ಮಾಡಲಿಲ್ಲ. ಆ ಒಂದೇ ಹೆಸರಿನವರಿಬ್ಬರೂ ಮಾಡಲಿಲ್ಲ. ನಾನು ಹಿತ್ತಲಿಗೆ ಹೋಗಿದ್ದೂ ಸರಿಯೇ. ಎಲ್ಲರೂ ಸರಿಯಾಗಿದ್ದು ಒಬ್ಬರ ಕಣ್ಣು ಹೋಗೋದ್ರಲ್ಲಿತ್ತಲ್ಲ! ಇದೆಂಥ ಲೆಕ್ಕ?"

ಅಂದಿನಿಂದ ನಡುವಿನ ಕಂಬಳಿ ಪ್ರತಿ ಊರಿಗೂ ಹೋಗುತ್ತದೆ. ಅಣ್ಣತಮ್ಮಂದಿರ ಸರದಿ ಬಂದರೆ ಕೆಲೆರಾ ಅದರ ಹಿಂದೆ ನಿಂತು, ಕೈ ಮಾತ್ರ ಹೊರಗೆ ಚಾಚಿ ಕೆಲಸ ಮಾಡುತ್ತಾರೆ. ಕೂತವರು ಅವರೇ ಹೌದೆಂದು ಹೇಳಲು ಹೆಂಡತಿಯೋ ಅತ್ತೆಯೋ ಪಕ್ಕದಲ್ಲಿರಬೇಕು. ಏನಾದರೂ ಆಸೆ ಇದೆಯೇ ಎಂದರೆ ಕೆಲೆರಾ ಸಂಕೋಚಪಡುತ್ತಾರೆ.

"ಅಷ್ಟೊಂದು ಕಲಿಸಿದ್ದಾರಲ್ಲ ಈ ಪೆಟ್ಟಿಗೆಗೆ, ಬೆಳಕು ಹೊಡೆಯೋ ಮುಂಚೆ ತುಲೋ ಅನ್ನೋದನ್ನ ಒಂದು ಕಲಿಸಿದ್ರೆ ಚೆನ್ನಾಗಿತ್ತು. ಎಲ್ಲ ಸಲ ನಾನೇ ಅನ್ಬೇಕು."

ಇವತ್ತು ಮತ್ತೆ ಇನೋಕೆಯ ಸರದಿ. ವರ್ಷವಿಡೀ ಎಡಗಣ್ಣಿನ ಬಗ್ಗೆ ಕೆಲೆರಾ ನೇರವಾಗಿ ಏನೂ ಕೇಳಿಲ್ಲ. ಅತ್ತಿಗೆಯನ್ನು ಕೇಳಿದರೆ ಒಂದು ದಿನ ಕಾಣುತ್ತೆ, ಒಂದು ದಿನ ಕಾಣಲ್ಲ ಎನ್ನುತ್ತಾರೆ. ಹೊತ್ತು ಏರಿದ ಹಾಗೆ ಕೆಲೆರಾ ಬಾಗಿಲ ಕಡೆ ಕಿವಿಗೊಡುತ್ತಾರೆ. ಕೊನೆಗೆ ದಾರಿಯಲ್ಲಿ ಗುರುತಿನ ಕೆಮ್ಮು ಕೇಳಿಸುತ್ತದೆ. ಅವರು ಸರಕ್ಕನೆ ಕಂಬಳಿಯ ಹಿಂದೆ ಸರಿಯುತ್ತಾರೆ. ಕೆಮ್ಮು ಅಂಗಳದ ಆಚೆಯೇ ನಿಲ್ಲುತ್ತದೆ. ಕೆಲೆರಾ ಮನೆಯ ನಾಯಿ ಅಲ್ಲಿ ಮಲಗಿದೆ, ಅದರೊಡನೆ ಯಾರೋ ಮಾತಾಡುತ್ತಿದ್ದಾರೆ.

"ಏ ನಾಯಿ, ನಿನ್ನ ಯಜಮಾನಿಗೆ ಹೇಳು. ಹಿತ್ತಲಲ್ಲಿ ಆಗಿನಿಂದ ಬಿಳಿ ಹೊಗೆ ಬರ್ತಿತ್ತು, ಈಗ ಕರೀ ಹೊಗೆ ಬರ್ತಿದೆ. ಯಾರದೋ ದೀವಿಹಲಸು ಹೊತ್ತಿಹೋಗ್ತಿದೆ."

ಕೆಲೆರಾ ಕಂಬಳಿಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ನಿಂತಿದ್ದಾರೆ. ಗಾಳಿ ಅಂಗಳಕ್ಕೆ ಬೆನ್ನು ಹಾಕಿ ಸಮುದ್ರದ ಕಡೆ ಬೀಸುತ್ತಿದೆ. ಅಂಗಳದಾಚೆ ನಿಂತವರಿಗೆ ವಾಸನೆ ಹೋಗುವುದು ಸಾಧ್ಯವಿಲ್ಲ.

"ಬಿಳಿದು, ಕರಿದು ಎರಡೂ ಕಣ್ಣಿಗೇ ಕಂಡಿದೆ" ಎಂದು ಪಿಸುಗುಡುತ್ತಾರೆ. ಹಲಸು ತೆಗೆಯಲು ಹೋಗುವುದೇ ಇಲ್ಲ. "ಉರೀಲಿ ಬಿಡಿ. ಇನ್ನೂ ಸ್ವಲ್ಪ ಹೊತ್ತು ನೋಡ್ಕೊಳ್ಳಲಿ."